ಎರವಲು ಕೊಟ್ಟ ಮುಖ

ತಮ್ಮನ ಶವವಿದ್ದ ಜನಾಜಾಕ್ಕೆ ಹೆಗಲು ಕೊಡಲು ಬಗ್ಗಿದ ಸುಭಾನನ ಹೆಲ್ಮೆಟ್ಟು ಮರದ ಪಟ್ಟಿಗೆ ಟಕ್ಕೆಂದು ಬಡಿಯಿತು.

"ಬಡೇ ಅಬ್ಬಾ, ಇವತ್ತೊಂದಿನ ತೆಗೀರಿ," ಎಂದ ತೀರಿಕೊಂಡ ಸಮೀಉಲ್ಲಾನ ಮಗ ಫೈಜಲ್.

"ಕಾಗಿ ಮ್ಯಾಲೆ ಬಿದ್ರ ನಾನು ಎಡವ್ತೀನಿ. ನಿಮ್ಮಪ್ಪ ಕೆಳಗ ಬೀಳ್ತಾನ. ನಡಿ."

ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗದೆ ಬಿಡುತ್ತಿದ್ದರೇ? ಹೆಲ್ಮೆಟ್ಟು ಹಾಕಿಕೊಂಡು ನಮಾಜಿಗೆ ನಡೆದುಹೋಗುವವನು ಇಡೀ ಯಲ್ಲಾಪುರಕ್ಕೆ ಅವನೊಬ್ಬನೇ.

*

ಹಿಡಿದವನ ಮುಖವನ್ನು ಕಾಗೆ ನೆನಪಿಡುತ್ತದೆಯೇ ಎಂಬುದು ಸಮೀಉಲ್ಲಾನ ಸಂಶೋಧನೆ. ದಿನಾ ಕಾಗೆಗಳ ನಡುವೆಯೇ ಇರಬೇಕಾದವನು ತನ್ನ ಮುಖ ತೋರಿಸಿ ಹಿಡಿಯುವಂತಿರಲಿಲ್ಲ.

"ಭಾಯಿ, ನಿನ್ನ ಮುಖದ ಅಚ್ಚು ಕೊಡು. ಹೆಂಗೂ ತಿಂಗಳೆಲ್ಲ ಲಾರಿ ಮ್ಯಾಲೇ ಇರ್ತಿ."

"ತಗೊ ಮಾರಾಯ, ಈ ಮುಖ ಮತ್ಯಾರಿಗೆ ಬೇಕು," ಎಂದು ಸುಭಾನ್ ನಗುನಗುತ್ತ ಪ್ಲಾಸ್ಟರ್ ಮೆತ್ತಿಸಿಕೊಂಡ. ತಮ್ಮ ಆ ಅಚ್ಚಿನಿಂದ ಮಾಡಿದ ಮುಖವಾಡ ಹಾಕಿ ಬಲೆ ಬೀಸಿದ, ಕಾಗೆಗಳ ಕಾಲಿಗೆ ಬಣ್ಣದ ಬಳೆ ತೊಡಿಸಿ ಬಿಟ್ಟ.

ಅವು ಮರೆಯಲಿಲ್ಲ, ಮರಿಗಳಿಗೂ ಕಲಿಸಿದವು. ತಮ್ಮನಿಗೆ ದೇಶವಿದೇಶದಲ್ಲಿ ಹೆಸರಾಯಿತು. ಸೊಂಟನೋವಿಗೆ ಸ್ಟೇರಿಂಗ್ ಬಿಟ್ಟು ಮನೆ ಸೇರಿದ ಅಣ್ಣನಿಗೆ ಅಂಗಳಕ್ಕೆ ಕಾಲಿಡುವುದೇ ಕಷ್ಟವಾಯಿತು. ಕಾಗೆಗಳು ಅವನನ್ನು ಅಟ್ಟಾಡಿಸಿದ ದಿನ ತಮ್ಮ ಚಪ್ಪಾಳೆ ತಟ್ಟಿದ. "ನೋಡು ಭಾಯಿ, ಇಷ್ಟು ವರ್ಷ ಆದ್ರೂ ನೆನಪೈತಿ."

ಸುಭಾನ್ ಅವತ್ತೇ ಮಾತು ಬಿಟ್ಟ. ಮನೆಗಳು ಎದುರುಬದುರು. ನಿವೃತ್ತನಾದ ತಮ್ಮ ದಿನಾ ಬೆಳಿಗ್ಗೆ ಅದೇ ಮುಖವಾಡ ಹಾಕಿಕೊಂಡು ಅಂಗಳದಲ್ಲಿ ನಿಲ್ಲುವುದು ಕಿಟಕಿಯಿಂದ ಕಾಣುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು. "ಅಣಕಿಸ್ತಾನ ನನ್ನ," ಎಂದು ಕಿಟಕಿ ಮುಚ್ಚಿಬಿಡುತ್ತಿದ್ದ.

*

ಮಣ್ಣು ಕೊಟ್ಟು ಬಂದವನನ್ನು ತಮ್ಮನ ಹೆಂಡತಿ ಜೀನತ್ ಪರದೆಯ ಹಿಂದಿನಿಂದ ಮಾತಾಡಿಸಿದಳು.

"ಭಾಯಿಜಾನ್, ಆ ಮುಖವಾಡ ಏನು ಮಾಡ್ಲಿ? ದಿನಾ ಹಾಕ್ಕೊಂಡು ಕಾಗಿಗೆ ರೊಟ್ಟಿ ಹಾಕ್ತಿದ್ರು."

"ರೊಟ್ಟಿನಾ?"

"ನಿಮ್ಮ ಮುಖದ ಮ್ಯಾಲಿನ ಸಿಟ್ಟು ಇಳೀಲಿ ಅಂತ. ಮೊದಮೊದಲು ಕುಕ್ಕಿ ರಕ್ತ ಬರಿಸಿದ್ವು. ಈಗ ಇಳೀತು, ಹೆಲ್ಮೆಟ್ ತೆಗಿ ಅಂತ ಹೇಳಾಕ ಬಂದ್ರು. ನೀವು ಬಾಗಿಲು ತೆಗೀಲಿಲ್ಲ."

ಹೌದು, ತಮ್ಮ ಬಾಗಿಲು ಬಡಿದಿದ್ದ. ಸುಭಾನ್ ಒಳಗೇ ಕೂತು ಕೇಳಿಸಿಕೊಂಡಿದ್ದ.

ಅಂಗಳಕ್ಕೆ ಬಂದು ಹೆಲ್ಮೆಟ್ಟು ತೆಗೆದ. ಹಲಸಿನ ಮರದಿಂದ ಕಾಗೆಗಳು ಇಳಿದವು. ಅವನು ಕಣ್ಣು ಮುಚ್ಚಿಕೊಂಡ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ, ಗೋಡೆಯ ಮೇಲೆ ಸಾಲಾಗಿ ಕೂತು ಅವನ ಕೈಯನ್ನೇ ನೋಡುತ್ತಿದ್ದವು. ಕೈಯಲ್ಲಿ ಹೆಲ್ಮೆಟ್ಟು ಬಿಟ್ಟರೆ ಏನೂ ಇರಲಿಲ್ಲ.