ಹತ್ತೊಂಬತ್ತು ಮತದಿಂದ ಸೋತ ಕಂಡಕ್ಟರ್ ಅಕ್ಕ

ನಮ್ಮ ಬಡಾವಣೆಯಿಂದ ಆಸ್ಪತ್ರೆಗೆ ಹೋಗಬೇಕಾದರೆ ರೈಲ್ವೆ ಗೇಟ್ ದಾಟಬೇಕಿತ್ತು. ಗೇಟ್ ಹಾಕಿದರೆ ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ. ಬೈಕೊಂಡು ನಿಲ್ಲೋದು, ಗೇಟ್ ತೆಗೆದ ಮೇಲೆ ಮರೆತುಬಿಡೋದು. ಇದೇ ನಮ್ಮ ಅಭ್ಯಾಸ.

ಒಂದು ಮಧ್ಯಾಹ್ನ ಹಾಗೆ ಮರೆಯೋಕೆ ಆಗಲಿಲ್ಲ. ನನ್ನ ಅಕ್ಕ ಆಗ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸು ಗೇಟಿನ ಮುಂದೆ ನಿಂತಿತ್ತು. ಒಳಗೆ ನಮ್ಮ ಸಾಲಿನ ಇಸ್ತ್ರಿ ಅಂಗಡಿಯವಳಿಗೆ ಹೆರಿಗೆ ನೋವು ಶುರುವಾಯ್ತು. ಅಕ್ಕ ಗಂಡಸರನ್ನೆಲ್ಲ ಕೆಳಗಿಳಿಸಿದಳು, ಕಿಟಕಿಗಳಿಗೆ ಟವೆಲ್ ಕಟ್ಟಿಸಿದಳು. ಹಿಂದಿನ ಉದ್ದ ಸೀಟಿನ ಮೇಲೆಯೇ ಹೆರಿಗೆ ಆಯ್ತು. ಗೇಟ್ ತೆಗೆದ ಕೂಡಲೇ ಬಸ್ಸನ್ನ ನೇರ ಆಸ್ಪತ್ರೆಗೆ ಓಡಿಸಿದರು. ಅಂತೂ ತಾಯಿ, ಮಗು ಇಬ್ಬರೂ ಉಳಿದರು. "ಇನ್ನೂ ಹತ್ತು ನಿಮಿಷ ತಡ ಆಗಿದ್ರೆ ತಾಯಿ ನಮ್ಮ ಕೈಗೆ ಸಿಗ್ತಿರಲಿಲ್ಲ" ಅಂದರು ಡಾಕ್ಟರು.

ಮಾರನೇ ದಿನವೇ ಅಕ್ಕ ಪುರಸಭೆಗೆ ಹೋಗಿ, ಹಳಿಯ ಕೆಳಗೆ ದಾರಿ ಮಾಡಿಸಿ ಅಂತ ಅರ್ಜಿ ಕೊಟ್ಟಳು. ನಮ್ಮ ವಾರ್ಡಿನ ಸದಸ್ಯರು ನಕ್ಕುಬಿಟ್ಟರು. "ನೀನು ಟಿಕೆಟ್ ಹರಿಯೋ ಕೆಲಸ ನೋಡ್ಕೊಳ್ಳಮ್ಮ" ಅಂದರು.

ಮನೆಗೆ ಬಂದವಳೇ ಚೀಲ ಕೆಳಗಿಟ್ಟು, "ಈ ಸಲ ನಾನೇ ನಿಲ್ತೀನಿ" ಅಂದಳು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ರೇಡಿಯೋ ರಿಪೇರಿ ಮಾಡೋರು. ತಲೆ ಎತ್ತದೇ ಕೇಳಿದರು: "ಎಲ್ಲಿ ನಿಲ್ತೀಯಾ? ಗೇಟ್ ಹತ್ರ ದಿನಾ ನಿಲ್ತಾನೇ ಇದೀಯಲ್ಲ!"

"ಚುನಾವಣೆಗೆ ರೀ."

"ಅದೆಲ್ಲ ನಮ್ಮಂಥೋರಿಗಲ್ಲ ಕಣೇ. ನನ್ನದೊಂದು, ನಿನ್ನದೊಂದು ವೋಟಿಂದ ಏನು ಮಹಾ ಆಗಿಬಿಡುತ್ತೆ?"

ಹಾಗಂದರೂ ಮತದಾನದ ದಿನ ಭಾವ ಇಸ್ತ್ರಿ ಅಂಗಿ ಹಾಕ್ಕೊಂಡು ನಮ್ಮೆಲ್ಲರಿಗಿಂತ ಮುಂಚೆ ಹೊರಟರು. ಅಲ್ಲಿ ನೋಡಿದರೆ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ!

"ಕಾರ್ಡ್ ಇದೆಯಲ್ಲ ಮೇಡಂ! ಫೋಟೋನೂ ನಂದೇ!" ಅಂತ ಕೂಗಾಡಿದರು.

ನಮ್ಮ ಬಡಾವಣೆಯ ಮತದಾರರ ಪಟ್ಟಿ ನೋಡ್ಕೊಳ್ಳೋರು ಶಾಲೆಯ ಟೀಚರಮ್ಮ. ಮತಗಟ್ಟೆಯ ಹೊರಗೆ ಪಟ್ಟಿ ಹಿಡಿದು ಕೂತಿದ್ದರು. "ಕಾರ್ಡ್ ಇದ್ರೆ ಸಾಲದು, ಪಟ್ಟೀಲಿ ಹೆಸರಿರಬೇಕು. ರಸ್ತೆ ಅಗಲ ಮಾಡಿದಾಗ ನಿಮ್ಮ ಸಾಲಿನೋರೆಲ್ಲ ಮನೆ ಬದಲಾಯಿಸಿದ್ರಿ. ಹೊಸ ವಿಳಾಸಕ್ಕೆ ಅರ್ಜಿ ಕೊಡಲಿಲ್ಲ. ನಿಮ್ಮನೆಯವರು ಮಾತ್ರ ಚುನಾವಣೆಗೆ ನಿಲ್ಲಬೇಕು ಅಂತ ತಮ್ಮದನ್ನ ಸರಿ ಮಾಡಿಸ್ಕೊಂಡ್ರು."

"ಒಂದು ಮಾತು ಹೇಳಬಾರದಿತ್ತಾ?"

"ಒಂದು ತಿಂಗಳು ಶಾಲೆ ಗೋಡೆಗೆ ಪಟ್ಟಿ ಅಂಟಿಸಿದ್ದೆ. ಬಂದು ನೋಡಿದ್ದು ನಾಲ್ಕೇ ಜನ. ಅದ್ರಲ್ಲೂ ಒಬ್ಬರು ಮಳೆ ಬಂತು ಅಂತ ನಿಂತಿದ್ದರು."

ಆವತ್ತು ನಮ್ಮ ಸಾಲಿನಲ್ಲಿ ಮೂವತ್ತೊಂದು ಜನ ಮತ ಹಾಕದೆ ವಾಪಸ್ ಬಂದರು. ಅಕ್ಕ ಸೋತದ್ದು ಹತ್ತೊಂಬತ್ತು ಮತದಿಂದ.

ಅಕ್ಕ ಅಳಲಿಲ್ಲ. ಭಾವನ ಮುಖ ನೋಡಿ, "ಬಸ್ಸಲ್ಲಿ ಅರವತ್ತು ಜನರನ್ನ ಎಣಿಸೋಳು ನಾನು. ಮನೇಲಿರೋ ಒಬ್ಬರನ್ನ ಎಣಿಸೋಕೆ ಮರೆತೆ" ಅಂದಳು.

ಮುಂದಿನ ವಾರವೇ ಅಕ್ಕ ಟೀಚರಮ್ಮನ ಹತ್ತಿರ ಹೋಗಿ, ಹೆಸರು ಸೇರಿಸೋದಕ್ಕೆ, ವಿಳಾಸ ಬದಲಾಯಿಸೋದಕ್ಕೆ ಯಾವ್ಯಾವ ಅರ್ಜಿ ಅಂತ ಕಲಿತು ಬಂದಳು. ಬಸ್ಸಿನ ಕೆಲಸ ಮುಗಿಸಿ ಸಂಜೆ ಮನೆ ಮನೆ ಸುತ್ತೋಳು. ಒಂದು ದಿನ, ಅವಳನ್ನ ನೋಡಿ ನಕ್ಕಿದ್ದ ಆ ಸದಸ್ಯರ ಮನೆಗೇ ನುಗ್ಗಿದಳು! ಅವರ ವಯಸ್ಸಾದ ತಾಯಿಯ ಹೆಸರೂ ಬಿಟ್ಟುಹೋಗಿತ್ತು.

"ಆ ಅಜ್ಜಿ ನಿನಗೆ ವೋಟ್ ಹಾಕ್ತಾರೇನೇ?" ಅಂತ ನಾನು ಕೇಳಿದೆ.

"ಹಾಕಲ್ಲ. ಆದ್ರೆ ಗೇಟ್ ಹಾಕಿದಾಗ ಅವರೂ ನಮ್ಮ ಜೊತೇಲೇ ಕಾಯ್ತಾರಲ್ಲ" ಅಂದಳು.

ಐದು ವರ್ಷ ಹೀಗೇ ನಡೀತು. ಮುಂದಿನ ಚುನಾವಣೆಯಲ್ಲಿ ನಮ್ಮ ಸಾಲಿನಲ್ಲಿ ಒಬ್ಬರೂ ಮತ ಹಾಕದೆ ವಾಪಸ್ ಬರಲಿಲ್ಲ. ಅಕ್ಕ ಗೆದ್ದಳು! ಗೆದ್ದ ಮೇಲೆ ಗೊತ್ತಾಯ್ತು, ಹಳಿ ಕೆಳಗೆ ದಾರಿ ಮಾಡಿಸೋದು ಪುರಸಭೆಯ ಕೈಲಿಲ್ಲ, ಸರ್ಕಾರವೇ ರೈಲ್ವೆಯವರ ಜೊತೆ ಸೇರಿ ಮಾಡಬೇಕು ಅಂತ. ಸರಿ, ನಮ್ಮ ಭಾಗದ್ದೇ ಒಂದು ಸಣ್ಣ ಪಕ್ಷ ಸೇರಿ ಶಾಸನಸಭೆಗೆ ನಿಂತಳು. ಅಲ್ಲೂ ಗೆದ್ದಳು.

ಸಭೆಯಲ್ಲಿ ಅವಳು ಮೊದಲ ಸಲ ಮಾತಾಡಿದ್ದನ್ನ ಭಾವನ ಅಂಗಡಿಯ ರೇಡಿಯೋದಲ್ಲಿ ಕೇಳಿದೆವು. ಅಂಗಡಿ ತುಂಬಾ ಜನ. ಸಭೆಯಲ್ಲಿದ್ದ ಯಾರೋ "ಸಾಕು, ಕೂತ್ಕೊಳ್ಳಿ" ಅಂತ ಕೂಗಿದರು. ಅದರ ಬೆನ್ನಿಗೇ ಅಕ್ಕನ ದನಿ, ಬಸ್ಸಿನಲ್ಲಿದ್ದ ಅದೇ ಗಟ್ಟಿ ದನಿ ಬಂತು: "ಹದಿನಾಲ್ಕು ವರ್ಷ ನಿಂತೇ ಕೆಲಸ ಮಾಡಿದೋಳು ನಾನು. ಮಾತು ಮುಗಿಯೋವರೆಗೂ ನಿಂತಿರ್ತೀನಿ."

ನಾವೆಲ್ಲ ಚಪ್ಪಾಳೆ ಹೊಡೆದೆವು. ಭಾವ ಕಣ್ಣೊರೆಸಿಕೊಂಡು, "ಸೌಂಡ್ ಜಾಸ್ತಿ ಮಾಡ್ರೋ" ಅಂದರು.

ನಾಲ್ಕು ವರ್ಷ ಬೆನ್ನು ಬಿಡದೆ ಓಡಾಡಿ ಅಕ್ಕ ಆ ದಾರಿ ಮಾಡಿಸಿದಳು. ಈಗ ಆಂಬುಲೆನ್ಸ್ ಆರೇ ನಿಮಿಷಕ್ಕೆ ಆಸ್ಪತ್ರೆ ಸೇರುತ್ತೆ. ಮಧ್ಯೆ ಒಂದು ಸಲ ಸೋತಳು ಕೂಡ. ಸೋತ ಮರುದಿನವೇ ಗೆದ್ದವರ ಮನೆಗೆ ಹೋಗಿ, ಅರ್ಧಕ್ಕೆ ನಿಂತ ಕೆಲಸಗಳ ಕಾಗದ ಪತ್ರ ಒಪ್ಪಿಸಿ, ಹೆಸರು ಸೇರಿಸೋ ಅರ್ಜಿ ಹಿಡಿದು ಮತ್ತೆ ಬೀದಿಗೆ ಇಳಿದಳು. ಇವತ್ತು ಆ ಪಕ್ಷಕ್ಕೆ ಅವಳೇ ಅಧ್ಯಕ್ಷೆ. ಹೊರಗಿನ ದೊಡ್ಡ ದೊಡ್ಡ ನಾಯಕರು ಅವಳನ್ನ ನೋಡೋಕೆ ನಮ್ಮ ಬೀದಿಗೆ ಬರ್ತಾರೆ. ಹೊಲಿಗೆ ಕೆಲಸ ಮಾಡೋ ನನಗಂತೂ ಮಿಷನ್ ಮುಂದೆ ಕೂತಲ್ಲೇ ಎದೆ ಉಬ್ಬುತ್ತೆ.

ಇನ್ನು ಭಾವ? ಪಟ್ಟಿ ಅಂಟಿಸಿದ ದಿನ ಅಂಗಡಿ ಬಾಗಿಲಲ್ಲೇ ಕೂತು, ಬಂದೋರಿಗೆಲ್ಲ ಹೇಳ್ತಾರೆ: "ರೇಡಿಯೋ ಎಲ್ಲೂ ಓಡಿಹೋಗಲ್ಲ. ಮೊದಲು ಶಾಲೆ ಗೋಡೆ ನೋಡ್ಕೊಂಡು ಬನ್ನಿ."

ಇದನ್ನ ಓದ್ತಾ ಇರೋ ಅಕ್ಕಂದಿರೇ, ಅಣ್ಣಂದಿರೇ, ಯಾರಿಗೆ ಮತ ಹಾಕಿ ಅಂತ ನಾನು ಹೇಳಲ್ಲ. ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ಮನೆ ಬದಲಾಯಿಸಿದ್ದೀರಾ? ಮನೆಗೆ ಸೊಸೆ ಬಂದಿದ್ದಾಳಾ? ಮಕ್ಕಳಿಗೆ ಮತದಾನದ ವಯಸ್ಸಾಯ್ತಾ? ಪಟ್ಟಿ ನೋಡಿ. ಹೆಸರಿಲ್ಲದಿದ್ದರೆ ಕೊನೆಯ ದಿನಕ್ಕೆ ಕಾಯದೆ ಇವತ್ತೇ ಅರ್ಜಿ ಕೊಡಿ. ನಾಳಿನ ನಿಮ್ಮ ನಾಯಕಿ ನಿಮ್ಮ ಬೀದಿಯಲ್ಲೇ ಇರಬಹುದು. ಅವಳು ಚುನಾವಣೆಗೆ ನಿಂತ ದಿನ ನೀವು ಮತಗಟ್ಟೆ ಬಾಗಿಲಿಂದ ವಾಪಸ್ ಬರೋ ಹಾಗಾಗದಿರಲಿ.