ಹನ್ನೆರಡು ಬಾಗಿದ ತುಂಡು, ನಾಲ್ಕು ನೇರ

ಚಾಕ್ ಮತ್ತೆ ತಿರುವಿನಲ್ಲೇ ಮುರಿಯಿತು, ನೀಲಿ ಪುಡಿ ಹಲಗೆಯ ಮೇಲೆ, ಉಗುರಿನೊಳಗೆ, ಇನ್ನು ಆ ಬಿಳಿ ಬ್ಲೌಸು ಮುಟ್ಟುವ ಹಾಗಿಲ್ಲ — ರಕ್ಷಿತಾ, ಒದ್ದೆ ಬಟ್ಟೆ ತಾ ಮಗಾ — ಎಲ್ಲಿ ಕೇಳುತ್ತಾಳೆ, ಹಿತ್ತಿಲಲ್ಲಿ ಹಿಡಿಸೂಡಿಯ ಕಡ್ಡಿ ಮುರಿಯುತ್ತಿದ್ದಾಳೆ, ಈ ಹಲಗೆಯ ಊರಿಗೆ ಅಜ್ಜಿಯ ಬಸಳೆ ಚಪ್ಪರ ಕಟ್ಟಲು, ಸೋಮವಾರ ಶಾಲೆಯಲ್ಲಿ ಪ್ರದರ್ಶನ, ನಮ್ಮೂರ ರೈಲು ಎಂದು ಹೆಸರು ಬರೆಸಿ ಬಂದಿದ್ದಾಳೆ ನನ್ನನ್ನು ಕೇಳದೆ, ಅಪ್ಪ ತಂದ ರೈಲು ಉಂಟಲೆ ಆಯಿ, ನೀ ಬ್ಲೌಸಿಗೆ ಗೆರಿ ಹಾಕ್ತ್ಯಲೆ, ಹಾಂಗೇ ಹಾಕ್ಕೊಡು ಸಾಕು. ಅಪ್ಪನಿಗೇನು, ಅದಿರಿನ ಲಾರಿ ಬೇಲೆಕೇರಿಗೆ ಮುಟ್ಟಿಸಿ, ಹೊಸಪೇಟೆಯಲ್ಲಿ ಕೊಂಡ ಆಟದ ರೈಲಿನ ಪೆಟ್ಟಿಗೆ ಮಗಳ ಕೈಗಿಟ್ಟು, ಉಂಡು ಮಲಗಿ ಮತ್ತೆ ಹೊರಟಾಯಿತು, ಗೆರೆ ಹಾಕುವವಳು ನಾನು, ಕತ್ತು ಬೆಳಗಿನಿಂದ ಬಗ್ಗಿದ್ದು ನೆಟ್ಟಗಾಗಿಲ್ಲ. ಪೆಟ್ಟಿಗೆಯಲ್ಲಿ ಹಳಿಯ ಹನ್ನೆರಡು ಬಾಗಿದ ತುಂಡು, ನಾಲ್ಕು ನೇರ, ಬಾಗಿದವೆಲ್ಲ ಒಂದೇ ಅಳತೆ. ಬ್ಲೌಸಾದರೆ ಕಂಕುಳಲ್ಲಿ ಬಿಗಿಯಾದರೆ ಬಿಚ್ಚಿ ಅರ್ಧ ಇಂಚು ಸಡಿಲಿಸಬಹುದು, ಅದಕ್ಕೆಂದೇ ಒಳಗೆ ಬಟ್ಟೆ ಬಿಟ್ಟು ಹೊಲಿಯುವುದು, ಹಳಿಗೆ ಹಾಗೆ ಬಿಟ್ಟ ಬಟ್ಟೆ ಇಲ್ಲ, ನಿಜದ ಹಳಿಗೂ ಇರಲಿಲ್ಲ — ನಾನು ಈ ಮನೆಗೆ ಹೊಸಬಳು, ಅಳೆಯಲು ಬಂದವರು ಗೂಟ ಹೊಡೆದರು, ಮನೆ ಈಚೆ, ಬಾವಿ ಮತ್ತು ಬಸಳೆ ಆಚೆ, ಒಂದು ಮಾರು ಸರಿಸಿ ಹಾಕ್ರೋ ಎಂದಿದ್ದರು ಅತ್ತೆ, ಅವರು ನಕ್ಕರು, ಅಜ್ಜೀ ಇದು ರೈಲು, ಎತ್ತಿನಗಾಡಿ ಅಲ್ಲ.

ಈ ಹಲಗೆಯ ಮೇಲೆ ಸರಿಸಬಹುದು, ಒರೆಸಿ ಇನ್ನೊಮ್ಮೆ ಹಾಕಿದರಾಯಿತು. ಬೆಂಕಿಪೊಟ್ಟಣ ಮನೆ, ಬಾಟಲಿಯ ಮುಚ್ಚಳ ಬಾವಿ, ನೂಲು ಮುಗಿದ ರೀಲಿಗೆ ಕೆಂಪು ಬಟ್ಟೆ ಸುತ್ತಿದ್ದು ಅಜ್ಜಿ, ಅದನ್ನು ರಕ್ಷಿತಾ ಹಳಿಯ ಪಕ್ಕದಲ್ಲೇ ನಿಲ್ಲಿಸಿದ್ದಾಳೆ, ಬೇಡ ಎಂದರೂ. ಮನೆಯನ್ನು ಸುತ್ತಿನೊಳಗಿಟ್ಟರೆ ಬಾವಿ ಹೊರಗೆ. ಬಾವಿಯನ್ನೂ ಒಳಗೆ ತಂದೆ, ಚಂದವಾಯಿತು, ಅತ್ತೆ ದಾಟಬೇಕಾಗಿಲ್ಲ — ಶಾಲೆ ಹೊರಗುಳಿಯಿತು, ಈಗ ರಕ್ಷಿತಾ ದಾಟಬೇಕು. ಶಾಲೆಯೂ ಒಳಗೆ ಬಂದರೆ ಅಂಕೋಲೆ ಪೇಟೆ ಹೊರಗೆ, ನಾನು ನೂಲಿಗೆ, ಗುಂಡಿಗೆ ದಾಟಬೇಕು. ಎಷ್ಟು ಒರೆಸಿದರೂ ಸುತ್ತು ಸುತ್ತೇ, ಯಾರಾದರೊಬ್ಬರು ದಾಟಲೇಬೇಕು. ಬೆಂಕಿಕಡ್ಡಿಯ ಮೆಟ್ಟಿಲು ಮಾಡಿ ಸೇತುವೆ ಇಟ್ಟರೆ ಅತ್ತೆ ಬಗ್ಗಿ ನೋಡಿ, ಅಷ್ಟು ಮೆಟ್ಲ ಯಾರು ಹತ್ತೂದೇ, ಕೊಡಪಾನ ನಿನ್ನ ಗಂಡ ಹೊರೂದಾ, ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಕಿವಿ ಹೋಗಿ ಎರಡು ವರ್ಷ. ದಿನಾ ನಾಲ್ಕಕ್ಕೆ ಕೊಡಪಾನ ಸೊಂಟಕ್ಕೇರಿಸಿ ಹೊರಡುವುದು, ಬಗ್ಗಿ ಹಳಿಯ ಮೇಲೆ ಅಂಗೈ ಇಡುವುದು, ಮಗುವಿನ ಜ್ವರ ನೋಡುವ ಹಾಗೆ, ಕಬ್ಬಿಣ ಸುಮ್ಮನಿದ್ದರೆ ದಾಟುವುದು, ನಡುಗಿದರೆ ಹಿಂದೆ ಸರಿಯುವುದು. ನಳದ ನೀರು ಸಾಕು, ಹೋಗ್ಬೇಡ್ರಿ ಅತ್ತೆ, ಎಂದು ಕಿವಿಯ ಹತ್ತಿರ ಕೂಗಿದರೆ, ನಿನ್ನ ನಳ ಎದ್ದೋಗಿ ಬಸಳಿಗೆ ನೀರು ಹಾಕ್ತದಾ. ಮೊನ್ನೆ ಬಾಗಿಲಲ್ಲಿ ನಿಂತು ಇನ್ನೇನೋ ಅಂದರು, ಮಷೀನು ಓಡುತ್ತಿತ್ತು, ನೆರೆಮನೆ ಕಾಶಿಯ ಮಗಳ ಮದುವೆಯ ಆರು ಬ್ಲೌಸು, ನಾನು ತಲೆ ಎತ್ತದೆ ಹೂಂ ಅಂದೆ, ಏನಂದರು —

ಗಾಡಿ ಬಂತು, ಕಾರವಾರದ ಕಡೆಯದು, ಹಲಗೆ ನಡುಗುತ್ತದೆ, ಕತ್ತರಿ ಸರಿಯುತ್ತದೆ, ಮುಚ್ಚಳ ಕುಣಿಯುತ್ತದೆ, ರೀಲು ಉರುಳಿ ಗೆರೆಯ ಮೇಲೆ ಅಡ್ಡ ಬಿತ್ತು. ನಾಲ್ಕಾಗಿದೆ, ಅತ್ತೆ ಎಲ್ಲಿ. ಕಿಟಕಿಯಾಚೆ ಡಬ್ಬಿ, ಡಬ್ಬಿ, ಡಬ್ಬಿ, ಕೊನೆಯದೂ ಹೋಯಿತು — ಇದ್ದಾರೆ, ಈಚೆ ಬದಿಯಲ್ಲೇ ಇದ್ದಾರೆ, ಉಸಿರು ಬಂತು. ಮತ್ತೆ ಮುಂದೆ ಬಂದು ಬಗ್ಗಿದರು, ಹಳಿಯ ಮೇಲೆ ಅಂಗೈ. ಇನ್ನು ದಾಟುತ್ತಾರೆ. ದಾಟುತ್ತಿಲ್ಲ. ಗಾಡಿಯ ಸದ್ದೂ ಅಡಗಿತು, ಹಲಗೆ ನಿಂತಿತು, ಅವರು ಬಗ್ಗಿಯೇ ಇದ್ದಾರೆ, ಆ ಬೆನ್ನು, ಆ ಅಂಗೈ — ಮೊನ್ನೆ ಅಂದದ್ದು ಅದು, ಮಷೀನಿನ ಸದ್ದಿನ ಅಡಿಯಿಂದ ಈಗ ಮೇಲೆ ಬರುತ್ತಿದೆ, ಈಗೀಗ ತಿಳೂದಿಲ್ವೇ ನೀಲಾ, ನಡುಗೂದು ಹಳಿಯೋ ನನ್ನ ಕೈಯೋ — ಅದಕ್ಕೆ ನಾನು ಹೂಂ ಅಂದದ್ದು, ಹೂಂ ಅಂದು ದಾರ ಕಚ್ಚಿದ್ದು. ಚಪ್ಪಲಿ ಎಲ್ಲಿ, ಬೇಡ, ಕೊರಳಲ್ಲಿ ಟೇಪು ಹಾಗೇ, ಜಲ್ಲಿ ಕಾಲಿಗೆ ಚುಚ್ಚುತ್ತದೆ, ಅವರ ಕೈಯ ಪಕ್ಕ ನನ್ನ ಕೈ ಇಡುತ್ತೇನೆ, ಕಬ್ಬಿಣ ಬಿಸಿಲಿಗೆ ಬೆಚ್ಚಗಿದೆ, ಸುಮ್ಮನಿದೆ, ಪೂರಾ ಸುಮ್ಮನಿದೆ. ಏಳ್ರಿ ಅತ್ತೆ, ಗಾಡಿ ಹೋಯ್ತು, ಕೊಡಪಾನ ಇತ್ಲಾಗೆ ಕೊಡ್ರಿ, ಇನ್ಮೇಲೆ ನೀರು ನಾನೇ ತತ್ತೆ — ಹೊಲಿಗೆ, ಅಡಿಗೆ, ಗೆರೆ, ಅದರ ಮೇಲೆ ಇದೊಂದು, ಆಗಲಿ, ದಾಟುವವಳು ನಾನೇ ಆಗಲಿ — ಅವರು ತಲೆ ಎತ್ತುವುದಿಲ್ಲ, ಕೊಡಪಾನ ಬಿಡುವುದಿಲ್ಲ, ತಡಿಯೇ, ಇನ್ನೊಂದು ಗಾಡಿ ಬತ್ತಾ ಉಂಟು, ಎನ್ನುತ್ತಾರೆ, ಅಲುಗದ ಹಳಿಯ ಮೇಲೆ ಅಂಗೈ, ತಾಮ್ರದ ಉಂಗುರ ಕಬ್ಬಿಣಕ್ಕೆ ತಾಗಿ ಟಿಕಿ ಟಿಕಿ ಟಿಕಿ, ಅವರಿಗೆ ಕೇಳುವುದಿಲ್ಲ, ಟಿಕಿ ಟಿಕಿ, ಅಂಗೈ, ಆ ಅಂಗೈ —