ಎರಡು ಜಡೆ, ಕೆಂಪು ಟೇಪು

ಮೇಜಿನ ಮೇಲೆ ಫೋನು ಮತ್ತೆ ಗುಂಯ್ ಎಂದಿತು, ಸೀಮೆಸುಣ್ಣದ ಡಬ್ಬಿಯ ಮುಚ್ಚಳವೂ ಜೊತೆಗೆ ನಡುಗಿತು, ಗ್ರೂಪಿನಲ್ಲಿ ಇನ್ನೊಬ್ಬರು, ಹರ್ಷಿತ ನೋಡುವುದನ್ನೇ ಬಿಟ್ಟಿದ್ದಾಳೆ, ಬರಲಿ, ಬರುವಷ್ಟು ಬರಲಿ — ಹೊರಗೆ ಮಕ್ಕಳು ಬಿಸಿಯೂಟದ ತಟ್ಟೆ ತೊಳೆಯುವ ಸದ್ದು, ಬಾಗಿಲ ಬಳಿಯ ಬೆಂಚಿನಲ್ಲಿ ದಿವ್ಯ ಒಬ್ಬಳೇ, ಬೆನ್ನು ಇತ್ತ, ಎರಡು ಜಡೆ ಮಡಿಸಿ ಕಟ್ಟಿದ ಕೆಂಪು ಟೇಪು. ದಸರಾ ರಜೆ ಮುಗಿಸಿ ಬಂದವಳು ಶಾಲೆಯಲ್ಲಿ ಒಂದು ಮಾತೂ ಆಡಿಲ್ಲ, ಹಾಜರಿಗೆ ಕೈ ಎತ್ತುತ್ತಾಳೆ ಅಷ್ಟೆ, ಮನೇಲಿ ಎಮ್ಮೆ ಜೊತೇಲಿ ಬಾಯ್ತುಂಬ ಮಾತಾಡ್ತಾಳೆ ಕಣವ್ವ, ಅಜ್ಜಿ ಪುಟ್ಟತಾಯಮ್ಮ ನಿನ್ನೆ ಗೇಟಿನ ಹತ್ತಿರ ನಿಂತು ಹೇಳಿದ್ದು, ಇಲ್ಲಿ ಬಾಯೇ ಬುಡಕಿಲ್ಲ ಅಂದ್ರೆ ಇಸ್ಕೂಲ್ ಯಾತುಕ್ಕೆ, ಸೋಮ್ವಾರದಿಂದ ಕಳ್ಸಕಿಲ್ಲ, ಎಮ್ಮೆ ಇಡ್ಕಂಡಿರ್ಲಿ. ಇವತ್ತು ಶುಕ್ರವಾರ, ನಾಳೆ ಅರ್ಧ ದಿನ, ಆಮೇಲೆ ಆ ಬೆಂಚು ಖಾಲಿ, ಅದನ್ನು ನೆನೆದರೆ ಭಯವಾಗುತ್ತದೆ.

ಅದಕ್ಕೇ ಕೇಳಿದ್ದು, ಇನ್ನಾರನ್ನು ಕೇಳುವುದು, ಹೊಣಕೆರೆ ಕಡೆಯ ಮೇಷ್ಟ್ರುಗಳೆಲ್ಲ ಇರುವ ವಾಟ್ಸಾಪ್ ಗುರು ಬಳಗದಲ್ಲಿ, ಮಾತು ಶುರುಮಾಡುವ ಕೆಲಸ ಹೇಗೂ ಅವಳ ಹೆಗಲಿಗೇ ಬಿದ್ದಿದೆ — ಗ್ರೂಪು ಸತ್ತಂಗದೆ ಮೇಡಂ, ನೀವೇ ದಿನಾ ಒಂದು ಪ್ರಶ್ನೆ ಹಾಕಿ, ಬಳಗ ಕಟ್ಟಿದ ಶಿವಶಂಕರ್ ಸಾರ್ ಹೇಳಿದ್ದರು, ಮಕ್ಕಳ ಮುಖ ಮಾತ್ರ ತೋರಿಸ್ಬೇಡಿ. ಹಾಕಿದ್ದಳು, ನಿಮ್ಮ ಶಾಲೆಯ ಕೈತೋಟದಲ್ಲಿ ಏನು ಬೆಳೆದಿದ್ದೀರಿ ಅಂತ, ಗುಲಾಬಿಯ ಶುಭೋದಯ ಬಂತು, ಕಾಫಿ ಲೋಟದ ಶುಭೋದಯ ಬಂತು, ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ಅಕ್ಕಸಾಲಿ ಕೆಲಸದ ಅಪ್ಪ ಅವಳಿಗೆ ಹೇಳುತ್ತಿದ್ದರು, ಗಿರಾಕಿ ಬಂದ್ ತಕ್ಷಣ ಒಡವೆ ಮಾತು ಎತ್ಬಾರ್ದು ಕಣವ್ವ, ಊಟ ಆಯ್ತಾ ಅನ್ಬೇಕು, ಆಮೇಕೆ ಅವ್ರೇ ಬಾಯ್ ಬುಡ್ತಾರೆ — ಇವತ್ತು ಅವಳು ಊಟ ಆಯ್ತಾ ಅನ್ನಲಿಲ್ಲ, ನೇರ ವಿಷಯಕ್ಕೇ ಬಂದಳು, ಹಿಂದಿನಿಂದ ತೆಗೆದ ಫೋಟೊ, ಎರಡು ಜಡೆ, ಕೆಂಪು ಟೇಪು, ಕೆಳಗೆ, ನಮ್ಮ ಮೂರನೇ ತರಗತಿಯ ದಿವ್ಯ, ಇವಳ ಮಾತು ನಿಂತುಹೋಗಿದೆ, ಹೇಗೆ ಮಾತಾಡಿಸಲಿ, ಗೊತ್ತಿದ್ದವರು ದಯವಿಟ್ಟು ಹೇಳಿ.

ಓಂ ಶಾಂತಿ ಎಂದು ಹಾಕಿದ್ದು ರಂಗಸ್ವಾಮಿ ಮೇಷ್ಟ್ರು, ಯಾವಾಗಲೂ ಅವರೇ ಮೊದಲು, ಫೋಟೊ ಕಂಡರೆ ಸಾಕು, ಓದುವ ಗೋಜಿಗೇ ಹೋಗುವವರಲ್ಲ, ಅವರ ಹಿಂದೆ ಉಳಿದವರೂ, ಓಂ ಶಾಂತಿ, ಪಾಪ ಎಳೆ ಜೀವ, ದುಃಖ ಭರಿಸುವ ಶಕ್ತಿ ದೇವರು ಕೊಡಲಿ, ಸಾಲು ಸಾಲು ಮುಗಿದ ಕೈಗಳು, ಶಿವಶಂಕರ್ ಸಾರೂ ಬಂದರು, ಧೈರ್ಯ ತಂದ್ಕೊಳ್ಳಿ ಮೇಡಂ. ನಗು ಬಂತು, ನಗು ಬಂದದ್ದಕ್ಕೆ ಹೇಸಿಗೆಯೂ ಆಯಿತು, ಮಗು ಚೆನ್ನಾಗಿದೆ ಸಾರ್, ಎದುರಿಗೇ ಕೂತಿದೆ, ಎಂದು ಹಾಕಿದಳು, ಅದು ಶಾಂತಿಗಳ ನಡುವೆ ಮೇಲೆ ಮೇಲೆ ಸರಿದು ಕಾಣದಾಯಿತು, ಬಳಗದವರೆಲ್ಲ ಒಟ್ಟಿಗೆ ಬಾಯಿಬಿಟ್ಟದ್ದು ಇದೇ ಮೊದಲು. ಕೊಬ್ಬರಿ ಎಣ್ಣೆಯ ವಾಸನೆ, ಪಕ್ಕದಲ್ಲೇ ದಿವ್ಯ, ಯಾವಾಗ ಎದ್ದುಬಂದಳೋ, ಫೋನು ಬಚ್ಚಿಡಬೇಕು, ಅಷ್ಟರಲ್ಲಿ ಯಾರೋ ಮತ್ತೆ ಹಾಕಿದ ಅದೇ ಫೋಟೊ, ಅವಳಿಗೆ ಗುರುತು ಸಿಕ್ಕಿದೆ, ಒಂದು ಕೈ ತನ್ನ ಟೇಪನ್ನು ಮುಟ್ಟಿ ನೋಡುತ್ತಿದೆ, ಊಟ ಆಯ್ತೇನವ್ವ, ಹರ್ಷಿತ ಕೇಳಿದಳು, ಬೇರೇನೂ ತೋಚದೆ — ಮಗು ಬಾಯಿ ಬಿಡಲಿಲ್ಲ, ಮುಗಿದ ಕೈಗಳ ಸಾಲನ್ನೇ ನೋಡಿತು, ಯಾರೋ ತನಗೆ ನಮಸ್ಕಾರ ಹೇಳುತ್ತಿದ್ದಾರೆ ಎಂದುಕೊಂಡಿರಬೇಕು, ಪ್ರಾರ್ಥನೆಗೆ ನಿಲ್ಲುವಂತೆ ನೆಟ್ಟಗೆ ನಿಂತು ತಾನೂ ಕೈ ಮುಗಿಯಿತು, ಫೋಟೊಕ್ಕೆ, ಎರಡು ಜಡೆ, ಕೆಂಪು ಟೇಪು, ಎರಡು ಜಡೆ, ಕೆಂಪು ಟೇಪು.